ಎರೆನೆಲದಲ್ಲಿ ಇಟ್ಟಿಗೆಯ ಕಮಾನು

ಕಿಟಕಿಗೆಂದೋ ಬಾಗಿಲಿಗೆಂದೋ ಗೋಡೆಯಲ್ಲಿ ಬಿಟ್ಟ ತೆರಪಿನ ಮೇಲೆ ಮತ್ತೆ ಗೋಡೆಯನ್ನು ಎಬ್ಬಿಸಬೇಕಾದಾಗ, ಕೆಳಗೆ ಏನೂ ಇಲ್ಲದ ಆ ಭಾಗದ ಭಾರವನ್ನು ಯಾವುದಾದರೊಂದು ಆಧಾರದ ಮೇಲೆ ಹೊರಿಸಿ ಎರಡೂ ಪಕ್ಕದ ಗೋಡೆಗೆ ಮುಟ್ಟಿಸಬೇಕಾಗುತ್ತದೆ. ಇದಕ್ಕೆ ಕಟ್ಟಡ ಕಟ್ಟುವವರು ಕಂಡುಕೊಂಡ ದಾರಿಗಳು ಮುಖ್ಯವಾಗಿ ಎರಡು. ಉದ್ದನೆಯ ಕಲ್ಲಿನ ಚಪ್ಪಡಿಯನ್ನೋ ಮರದ ತೊಲೆಯನ್ನೋ, ಈಗಿನ ಕಾಲದಲ್ಲಾದರೆ ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟಿನ ಲಿಂಟಲನ್ನೋ ಅಡ್ಡಲಾಗಿ ಇಡುವುದು ಮೊದಲನೆಯದು. ಚಿಕ್ಕ ಚಿಕ್ಕ ಇಟ್ಟಿಗೆಗಳನ್ನು ಬಾಗಿದ ಸಾಲಿನಲ್ಲಿ ಒಂದಕ್ಕೊಂದು ಒತ್ತಿ ನಿಲ್ಲಿಸುವ ಕಮಾನು ಎರಡನೆಯದು. ಕಮಾನಿನ ಮಾತು ಬಂದಾಗಲೆಲ್ಲ ಅದು ಸಾಮಾನ್ಯವಾಗಿ ಅಂದಚಂದದ ಮಾತಾಗಿಬಿಡುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ, ಇಟ್ಟಿಗೆಯ ಕಮಾನು ಮೊದಲು ನೆಲದ ಪ್ರಶ್ನೆ, ಅನಂತರ ಗೋಡೆಯ ಪ್ರಶ್ನೆ, ಬಾಗಿನ ಪ್ರಶ್ನೆ ಬರುವುದು ಎಲ್ಲಕ್ಕಿಂತ ಕೊನೆಗೆ.

ಕಮಾನು ಪಾರಸಿಯಿಂದ ಕನ್ನಡಕ್ಕೆ ಬಂದ ಮಾತು, ಅದರ ಮೂಲಾರ್ಥ ಬಿಲ್ಲು. ಇಂಗ್ಲಿಷಿನ ಆರ್ಚ್ ಎಂಬ ಮಾತಿನ ಬೇರಾದ ಲ್ಯಾಟಿನ್ನಿನ ಆರ್ಕಸ್ ಎಂಬುದಕ್ಕೂ ಬಿಲ್ಲೆಂದೇ ಅರ್ಥ. ಈ ಹೋಲಿಕೆ ಆಕಾರಕ್ಕಷ್ಟೇ ಸಂಬಂಧಿಸಿದ್ದೆಂದು ಭಾವಿಸುವುದು ರೂಢಿಯಾದರೂ ಅದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಿಲ್ಲಿನ ಎರಡು ತುದಿಗಳನ್ನು ಹೆದೆಯು ಒಳಕ್ಕೆ ಎಳೆದು ಹಿಡಿದಿರುತ್ತದೆ, ಹೆದೆ ಬಿಚ್ಚಿದೊಡನೆ ಬಿಲ್ಲು ನೆಟ್ಟಗಾಗಲು ಹವಣಿಸುತ್ತದೆ. ಕಟ್ಟಡದ ಕಮಾನಿಗೆ ಹೆದೆಯಿಲ್ಲ. ಮೇಲಿನ ಭಾರಕ್ಕೆ ಅದು ತನ್ನ ಎರಡು ಬುಡಗಳನ್ನೂ ಸದಾ ಹೊರಕ್ಕೆ ನೂಕುತ್ತಲೇ ಇರುತ್ತದೆ, ಆ ನೂಕನ್ನು ತಡೆದು ನಿಲ್ಲಿಸುವ ಹೆದೆಯ ಕೆಲಸ ಪಕ್ಕದ ಗೋಡೆಯ ಪಾಲಿಗೆ ಬರುತ್ತದೆ.

ಕಲ್ಲು, ಇಟ್ಟಿಗೆ ಮೊದಲಾದವು ಒತ್ತಿದರೆ ಚೆನ್ನಾಗಿ ತಾಳಿಕೊಳ್ಳುತ್ತವೆ, ಎಳೆದರೆ ಮಾತ್ರ ಬೇಗ ಬಿರಿಯುತ್ತವೆ. ಅಡ್ಡಲಾಗಿ ಇಟ್ಟ ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಕೆಳಕ್ಕೆ ಬಾಗುತ್ತದೆ. ಆಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳಮೈ ಹಿಗ್ಗಿಕೊಳ್ಳುತ್ತದೆ. ಎಳೆಯ ಸೌತೆಕಾಯಿಯನ್ನು ಎರಡೂ ತುದಿ ಹಿಡಿದು ಬಾಗಿಸಿದಾಗ ಬಿರುಕು ಯಾವ ಮೈಯಲ್ಲಿ ಮೊದಲು ಕಾಣಿಸಿಕೊಳ್ಳುವುದೋ, ಚಪ್ಪಡಿಯ ಬಿರುಕೂ ಆ ಹಿಗ್ಗಿದ ಮೈಯಲ್ಲೇ ಹುಟ್ಟುತ್ತದೆ. ಕಾಂಕ್ರೀಟಿನ ಲಿಂಟಲಿನಲ್ಲಿ ಕಬ್ಬಿಣದ ಮುಖ್ಯ ಸರಳುಗಳನ್ನು ತಳಭಾಗದಲ್ಲಿ ಇಡುವುದು ಈ ಕಾರಣಕ್ಕೆ. ಇಟ್ಟಿಗೆಗೆ ಈ ಎಳೆತವನ್ನು ತಾಳುವ ಶಕ್ತಿ ಕಲ್ಲಿಗಿಂತಲೂ ಕಡಿಮೆ, ಅದರ ಉದ್ದವೂ 9 ಇಂಚು ಮಾತ್ರ. ಆದ್ದರಿಂದ ಇಟ್ಟಿಗೆಯಿಂದ ತೆರಪನ್ನು ದಾಟಬೇಕಾದರೆ ಎಳೆತವೇ ಹುಟ್ಟದ ಆಕಾರವೊಂದನ್ನು ಹುಡುಕಬೇಕಾಗುತ್ತದೆ.

ಆ ಆಕಾರವನ್ನು ಯುಗಾದಿಯ ದಿನ ಮನೆಮನೆಯ ಬಾಗಿಲಲ್ಲಿ ನೋಡಬಹುದು. ಎರಡು ಮೊಳೆಗಳ ನಡುವೆ ಇಳಿಬಿಟ್ಟ ಮಾವಿನ ತೋರಣದ ದಾರದಲ್ಲಿ ಎಲ್ಲೆಡೆ ಎಳೆತವೇ ಹೊರತು ಒತ್ತಡವಿಲ್ಲ. ದಾರವು ಒತ್ತಡವನ್ನು ತಾಳಲಾರದ ವಸ್ತುವಾದ್ದರಿಂದ ಎಳೆತ ಮಾತ್ರವೇ ಉಳಿಯುವ ಬಾಗನ್ನು ಅದು ತಾನಾಗಿ ಹುಡುಕಿಕೊಳ್ಳುತ್ತದೆ. ಅದೇ ಬಾಗನ್ನು ಹಾಗೆಯೇ ಗಟ್ಟಿ ಮಾಡಿ ತಲೆಕೆಳಗಾಗಿಸಿದರೆ ಎಳೆತವಿದ್ದಲ್ಲೆಲ್ಲ ಒತ್ತಡ ಬರುತ್ತದೆ, ಎಳೆತ ಎಲ್ಲಿಯೂ ಉಳಿಯುವುದಿಲ್ಲ. ಈ ತತ್ವವನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಅಕ್ಷರಗಳನ್ನು ಕಲಸುಮೇಲೋಗರ ಮಾಡಿದ ಒಗಟಿನ ರೂಪದಲ್ಲಿ ಪ್ರಕಟಿಸಿದನು. 1740ರ ದಶಕದಲ್ಲಿ ಇಟಲಿಯ ವಿಜ್ಞಾನಿ ಪೊಲೇನಿಯು ರೋಮಿನ ಸಂತ ಪೀಟರನ ಇಗರ್ಜಿಯ ಬಿರುಕುಬಿಟ್ಟ ಗುಮ್ಮಟವನ್ನು ಪರೀಕ್ಷಿಸಿದ್ದು ತೂಕದ ಗುಂಡುಗಳನ್ನು ಪೋಣಿಸಿ ಇಳಿಬಿಟ್ಟ ಸರಪಳಿಯ ನೆರವಿನಿಂದ. ತೋರಣ ಕಟ್ಟುವ ಕೈ ಮತ್ತು ಕಮಾನು ಕಟ್ಟುವ ಕೈ ಒಂದೇ ಬಾಗಿಲಿನ ಮೇಲೆ ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಬಿಡಿಸುತ್ತವೆ.

ನೂಕಿನ ಅಳತೆಯನ್ನು ತಿಳಿಯಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 9 ಇಂಚು ದಪ್ಪದ ಇಟ್ಟಿಗೆ ಗೋಡೆಯಲ್ಲಿ 4 ಅಡಿ ಅಗಲದ ಕಿಟಕಿ ಇದೆ, ಅದರ ಮೇಲೆ 3 ಅಡಿ ಎತ್ತರದ ಗೋಡೆ ಕೂರುತ್ತದೆ ಎಂದಿಟ್ಟುಕೊಂಡರೆ ಆ ಗೋಡೆಯ ತೂಕ ಹೆಚ್ಚುಕಡಿಮೆ 5 ಕ್ವಿಂಟಲ್ ಆಗುತ್ತದೆ. ಕಮಾನಿನ ಎರಡು ಬುಡಗಳ ನಡುವಿನ ಅಂತರಕ್ಕೆ ಹರವು ಎಂದೂ, ಬುಡದ ಮಟ್ಟದಿಂದ ನೆತ್ತಿಯವರೆಗಿನ ಎತ್ತರಕ್ಕೆ ಏರು ಎಂದೂ ಹೆಸರಿಟ್ಟುಕೊಂಡರೆ, ಹರವು ಅಷ್ಟೇ ಇದ್ದು ಏರು ಕಡಿಮೆಯಾದಂತೆಲ್ಲ ನೂಕು ಹೆಚ್ಚುತ್ತದೆ. ಏರನ್ನು 2 ಅಡಿ ಇಟ್ಟು ಅರ್ಧವೃತ್ತದ ಕಮಾನು ಕಟ್ಟಿದಾಗ ಪ್ರತಿ ಪಕ್ಕಕ್ಕೆ ಬೀಳುವ ನೂಕು ಸ್ಥೂಲವಾಗಿ ಒಂದೂಕಾಲು ಕ್ವಿಂಟಲ್. ಏರನ್ನು 6 ಇಂಚಿಗೆ ಇಳಿಸಿದರೆ ಅದು ನಾಲ್ಕು ಪಟ್ಟಾಗಿ 5 ಕ್ವಿಂಟಲಿಗೆ ಏರುತ್ತದೆ, ಅಂದರೆ ಕೆಳಕ್ಕೆ ಒತ್ತುವ ಒಟ್ಟು ಭಾರದಷ್ಟೇ ಬಲ ಗೋಡೆಯ ಎರಡೂ ಪಕ್ಕೆಗಳಿಗೆ ಅಡ್ಡಲಾಗಿ ತಗಲುತ್ತದೆ. ಸಿಂಧನೂರಿನ ಅಕ್ಕಿ ಗಿರಣಿಗಳ ಮುಂದೆ ಪೇರಿಸಿಟ್ಟ ಚೀಲಗಳನ್ನು ನೋಡಿದವರಿಗೆ 5 ಕ್ವಿಂಟಲ್ ಎಂದರೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ತೂಕವು ಹಗಲಿರುಳೂ ಒಂದೇ ಸಮನೆ ಗೋಡೆಯನ್ನು ಪಕ್ಕಕ್ಕೆ ಒತ್ತುತ್ತಿರುವಾಗ, ಆ ಗೋಡೆ ನಿಂತಿರುವ ನೆಲ ಎಂಥದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ನೆಲದ ವಿಚಾರಕ್ಕೆ ಹೋಗುವ ಮೊದಲು ಈ ಸೀಮೆಯ ಹಳೆಯ ಕಟ್ಟಡಗಳು ಏನು ಹೇಳುತ್ತವೆ ಎಂಬುದನ್ನು ನೋಡುವುದು ಉಚಿತ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಅಶೋಕನ ಹೆಸರು ಹೆಸರಾಗಿಯೇ ಬಂದಿರುವುದು ಎಲ್ಲರಿಗೂ ತಿಳಿದ ಸಂಗತಿ. ಆ ಮೌರ್ಯರ ಕಾಲದ್ದೇ ಆದ, ಬಿಹಾರದ ಬರಾಬರ್ ಗುಡ್ಡದ ಲೋಮಸ್ ಋಷಿ ಗುಹೆಯ ಬಾಗಿಲು ಕಮಾನಿನ ಆಕಾರದಲ್ಲಿದೆ. ಆದರೆ ಅದು ಬಾಗಿಸಿದ ಮರದ ಮನೆಯ ಮುಖವನ್ನು ಬಂಡೆಯಲ್ಲಿ ಕಡೆದಿಟ್ಟ ನಕಲು, ಯಾವ ಭಾರವನ್ನೂ ಅದು ಕಮಾನಿನ ರೀತಿಯಲ್ಲಿ ಹೊರುವುದಿಲ್ಲ. ಗವಾಕ್ಷವೆಂದು ಕರೆಯುವ ಲಾಳದಾಕಾರದ ಅದೇ ಬಾಗು ಪಟ್ಟದಕಲ್ಲಿನ ಗುಡಿಗಳ ಶಿಖರದ ಮೇಲೆ ಅಲಂಕಾರವಾಗಿ ಮತ್ತೆ ಮತ್ತೆ ಬರುತ್ತದೆ. ಅದೇ ಗುಡಿಗಳ ಬಾಗಿಲ ಮೇಲೆ ಮಾತ್ರ ನೇರವಾದ ಕಲ್ಲಿನ ತೊಲೆಯೇ ಮಲಗಿರುತ್ತದೆ. ಹೀಗೆ ಕಮಾನಿನ ಆಕಾರ ಬೇರೆ, ಕಮಾನಿನ ಕೆಲಸ ಬೇರೆ. ಕರ್ನಾಟಕದ ಶಿಲ್ಪಿಗಳಿಗೆ ಆಕಾರ ಚೆನ್ನಾಗಿ ಗೊತ್ತಿತ್ತು. ಉದ್ದನೆಯ ಕಲ್ಲು ಕೈಗೆ ಸಿಗುವ ನಾಡಿನಲ್ಲಿ ಅದರ ಕೆಲಸದ ಅಗತ್ಯ ಅವರಿಗೆ ಬೀಳಲಿಲ್ಲ. ಕಮಾನೆಂಬುದೇ ತುರ್ಕರ ಆಳಿಕೆಯೊಂದಿಗೆ ಭಾರತಕ್ಕೆ ಬಂತೆಂಬ ಮಾತು ಪಠ್ಯಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತದಾದರೂ ಅದನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ, ಏಕೆಂದರೆ ಕಲ್ಲು ವಿರಳವಾದ ಗಂಗಾ ಬಯಲಿನ ಭಿತರಗಾಂವ್‌ನಲ್ಲಿ ಗುಪ್ತರ ಕಾಲದ ಇಟ್ಟಿಗೆಯ ಗುಡಿಯಲ್ಲಿಯೇ ಭಾರ ಹೊರುವ ನಿಜವಾದ ಕಮಾನುಗಳಿವೆ.

ಆದರೂ ಕಮಾನನ್ನು ದಖ್ಖನಿನ ದಿನಬಳಕೆಯ ಸಾಧನವನ್ನಾಗಿ ಮಾಡಿದ ಕೀರ್ತಿ 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಬಹಮನಿ ಅರಸರದ್ದು ಮತ್ತು ಅವರ ಅನಂತರದ ಆದಿಲಶಾಹಿಗಳದ್ದು. ಕಲಬುರಗಿ ಕೋಟೆಯೊಳಗಿನ, 1367ರ ಜಾಮಿ ಮಸೀದಿಯಲ್ಲಿ ಗಿಡ್ಡ ಕಂಬಗಳ ಮೇಲಿಂದ ಹಾಯ್ದ ಅಗಲವಾದ ತಗ್ಗು ಕಮಾನುಗಳನ್ನು ನೋಡಿದವರು, ಆ ನೂಕನ್ನು ಹೊರುವುದಕ್ಕೆ ಸುತ್ತಲಿನ ಗೋಡೆ ಎಷ್ಟು ದಪ್ಪವಿದೆ ಎಂಬುದನ್ನೂ ಗಮನಿಸಬೇಕು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿ ಮತ್ತು ವಿಜಯನಗರದ ಅರಸರು ತಲೆಮಾರುಗಟ್ಟಲೆ ಹೊಡೆದಾಡಿದರು. ಆ ಹೊಡೆದಾಟದ ನಡುವೆಯೇ ಎರಡು ಕಟ್ಟಡ ಪದ್ಧತಿಗಳು ಒಂದನ್ನೊಂದು ಕಲಿತವು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆಯಲ್ಲಿ ಕಲ್ಲಿನ ತೊಲೆಯೂ ಕಲ್ಲಿನ ಕಮಾನೂ ಅಕ್ಕಪಕ್ಕದಲ್ಲಿ ಸಿಗುತ್ತವೆ. ಹಂಪಿಯ ಕಮಲಮಹಲು ಮತ್ತು ಆನೆಲಾಯಗಳಲ್ಲಿ ವಿಜಯನಗರದವರು ದೇವರ ಗುಡಿಗೆ ತೊಲೆಯನ್ನು ಉಳಿಸಿಕೊಂಡು, ಅರಮನೆಯ ಆವರಣಕ್ಕೆ ಇಟ್ಟಿಗೆ-ಗಾರೆಯ ಕಮಾನನ್ನು ಬಳಸಿಕೊಂಡಿರುವುದು ಕಾಣುತ್ತದೆ.

ಲಿಂಗಸುಗೂರಿನ ಪಾಲಿಗೆ ಮೂರನೆಯ ಬಗೆಯೊಂದು 19ನೆಯ ಶತಮಾನದಲ್ಲಿ ಬಂತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ದಂಡು ಇಲ್ಲಿ ಬೀಡುಬಿಟ್ಟಿತ್ತು, 1853ರಿಂದ 1860ರವರೆಗೆ ರಾಯಚೂರು ದೋಆಬು ಬ್ರಿಟಿಷರ ವಶದಲ್ಲಿತ್ತು, 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಆ ಕಾಲದ ಬಂಗಲೆ, ಕಚೇರಿ, ಠಾಣೆಗಳ ರೂಢಿಯ ಮಾದರಿಯೆಂದರೆ ವೃತ್ತದ ಒಂದು ಸಣ್ಣ ತುಣುಕಿನಂತೆ ಬಾಗಿದ, ಏರು ಕಡಿಮೆ ಇರುವ ಚಪ್ಪಟೆ ಕಮಾನು. ಇದನ್ನು ವೃತ್ತಖಂಡದ ಕಮಾನು ಎನ್ನಬಹುದು. ಕಿಟಕಿಯ ಚೌಕಟ್ಟು ಹೆಚ್ಚುಕಡಿಮೆ ಚೌಕವಾಗಿಯೇ ಉಳಿಯುವುದರಿಂದ ಬಡಗಿಗೆ ಇದು ಸುಲಭ, ನೂಕು ಹೆಚ್ಚಾಗುವುದರಿಂದ ಗೋಡೆಗೆ ಕಷ್ಟ.

ಇನ್ನು ನೆಲದ ವಿಚಾರ. ಈ ಸೀಮೆಯ ಒಕ್ಕಲಿಗರು ಭೂಮಿಯನ್ನು ಎರೆ ಮತ್ತು ಮಸಾರಿ ಎಂದು ಎರಡಾಗಿ ಎಣಿಸುತ್ತಾರೆ: ಎರೆಯೆಂದರೆ ಕಪ್ಪು ಜಿಗುಟು ಮಣ್ಣು, ಮಸಾರಿಯೆಂದರೆ ಮರಳು ಬೆರೆತ ಕೆಂಪು ಮಣ್ಣು. ಮಸ್ಕಿಯ ಗುಡ್ಡದ ಸುತ್ತಲೂ ಮುದಗಲ್ಲಿನ ಬಂಡೆಗಳ ನಡುವೆಯೂ ಕೆಲವು ಅಡಿ ಅಗೆದರೆ ಗರಸೆಂಬ ಗಟ್ಟಿ ಜಲ್ಲಿಮಣ್ಣೋ ಬಂಡೆಯೋ ಸಿಗುವ ಜಾಗಗಳು ಹೇರಳ. ಸಿಂಧನೂರಿನ ಬಯಲಿನಲ್ಲಾದರೆ ಎರೆಯೇ ಪ್ರಧಾನ. ಎರೆಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯ್ತೆರೆಯುವುದೂ, ಮಳೆ ಬಿದ್ದೊಡನೆ ಅವು ಮುಚ್ಚಿಕೊಳ್ಳುವುದೂ ಈ ಗುಣದಿಂದಲೇ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಈ ಬಯಲಿಗೆ ಹರಿದ ಮೇಲೆ ಜೋಳದ ನೆಲ ಭತ್ತದ ಗದ್ದೆಯಾಯಿತು. ಮನೆಯ ಪಾಯದ ದೃಷ್ಟಿಯಿಂದ ನೋಡಿದರೆ, ಮಳೆಗಾಲಕ್ಕೊಮ್ಮೆ ಉಬ್ಬುತ್ತಿದ್ದ ನೆಲವು ಕಾಲುವೆಗೆ ನೀರು ಬಿಟ್ಟಾಗಲೂ ನಿಲ್ಲಿಸಿದಾಗಲೂ ಉಸಿರಾಡತೊಡಗಿತು.

ಮನೆಯ ಕೆಳಗಿನ ಎರೆ ಎಲ್ಲ ಕಡೆಗೂ ಒಂದೇ ಸಮ ಉಬ್ಬಿ ಕುಗ್ಗಿದರೆ ತೊಂದರೆ ಹೆಚ್ಚಿರುತ್ತಿರಲಿಲ್ಲ. ನಡುಮನೆಯ ಕೆಳಗೆ ಬಿಸಿಲು ತಾಗದೆ ತೇವ ಉಳಿಯುತ್ತದೆ, ಹೊರಗೋಡೆಯ ಅಂಚು, ಅದರಲ್ಲೂ ಮೂಲೆಗಳು, ಬೇಸಿಗೆಯಲ್ಲಿ ಬೇಗ ಒಣಗಿ ಕೆಳಗಿಳಿಯುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಎರೆನೆಲದ ಮನೆಗಳಲ್ಲಿ ಅಷ್ಟು ಸಾಮಾನ್ಯವಾಗಿರುವುದಕ್ಕೆ ಇದೇ ಕಾರಣ. ಇಂಥ ಅಲುಗಾಟಕ್ಕೆ ಚಪ್ಪಟೆ ಕಮಾನು ಎಷ್ಟು ಅಳುಕುತ್ತದೆ ಎಂಬುದನ್ನು ಲೆಕ್ಕದಿಂದ ತೋರಿಸಬಹುದು. ಮೇಲೆ ಹೇಳಿದ 4 ಅಡಿ ಕಿಟಕಿಯ ಎರಡು ಪಕ್ಕೆಗಳು ತಲಾ ಇಂಚಿನ ಎಂಟನೆಯ ಒಂದು ಪಾಲಿನಷ್ಟು ಹೊರಕ್ಕೆ ಸರಿದರೆ, ಅರ್ಧವೃತ್ತದ ಕಮಾನಿನ ನೆತ್ತಿ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 6 ಇಂಚು ಏರಿನ ಕಮಾನಿನ ನೆತ್ತಿಯಾದರೆ ಅದರ ನಾಲ್ಕು ಪಟ್ಟು, ಅಂದರೆ ಅರ್ಧ ಇಂಚು ಇಳಿಯುತ್ತದೆ. ಲಿಂಗಸುಗೂರಿನ ಗಟ್ಟಿ ನೆಲದಲ್ಲಿ ನೂರು ವರ್ಷ ನಿಲ್ಲಬಲ್ಲ ಮಾದರಿಯನ್ನು ಅಳತೆಗೆ ಅಳತೆಯಾಗಿ ಸಿಂಧನೂರಿನ ಗದ್ದೆಯ ಬದಿಯಲ್ಲಿ ಎತ್ತಿದರೆ ಕೆಲವೇ ವರ್ಷಗಳಲ್ಲಿ ಬಿರುಕುಬಿಡುವುದರಲ್ಲಿ ಆಶ್ಚರ್ಯವಿಲ್ಲ, ಅದರಲ್ಲಿ ಗೌಂಡಿಯ, ಅಂದರೆ ಗೋಡೆ ಕಟ್ಟುವ ಕುಶಲಿಯ, ತಪ್ಪೂ ಇರಬೇಕಾಗಿಲ್ಲ.

ಆದ್ದರಿಂದ ಎರೆಯಲ್ಲಿ ಕಮಾನು ಹಾಕಬಯಸುವವರು ಖರ್ಚನ್ನು ನೆತ್ತಿಯಲ್ಲಿ ಮಾಡದೆ ಬುಡದಲ್ಲಿ ಮಾಡಬೇಕು. ಎರೆ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗರಸಿನವರೆಗೆ ಪಾಯ ಇಳಿಸುವುದು, ಆಳವಾಗಿದ್ದರೆ ಪಾಯದ ಕೆಳಗೂ ಪಕ್ಕಕ್ಕೂ ಮರಳು ಅಥವಾ ಗರಸು ತುಂಬಿ ದಮ್ಮಸ್ಸು ಮಾಡುವುದು ಹಳೆಯ ಕ್ರಮ. ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಹನ್ನೊಂದು ಹನ್ನೆರಡು ಅಡಿ ಆಳದ, ತೇವ ಬದಲಾಗದ ಪದರಿನವರೆಗೆ ಇಳಿಸುವುದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಹೊಸ ಕ್ರಮ. ಮನೆಯ ಸುತ್ತ ಮೂರಡಿ ಅಗಲಕ್ಕೆ ಚಪ್ಪಡಿ ಹಾಸಿ, ಮಾಳಿಗೆಯ ನೀರು ಪಾಯದ ಬಳಿ ಬೀಳದಂತೆ ದೂರಕ್ಕೆ ಸಾಗಿಸುವುದು ಇವೆಲ್ಲಕ್ಕಿಂತ ಅಗ್ಗದ ಉಪಾಯ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದೂ ಅದೇ.

ವಿಚಿತ್ರವೆಂದರೆ, ಪಾಯವನ್ನು ಅಲುಗಿಸುವ ಈ ಎರೆಯೇ ಅಲುಗಾಟವನ್ನು ಸಹಿಸುವ ಗಾರೆಯನ್ನೂ ಕೊಡುತ್ತದೆ. ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಆಯ್ದು ಸುಟ್ಟರೆ ದೊರೆಯುವ ಸುಣ್ಣದಲ್ಲಿ ಜೇಡಿಯ ಅಂಶ ಬೆರೆತಿರುವುದರಿಂದ ಅದು ನೀರಿನ ಸಂಗದಲ್ಲಿಯೂ ಗಟ್ಟಿಯಾಗುವ ಗುಣವನ್ನು ಪಡೆದಿರುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡು-ಮೂರು ಪಾಲು ಮರಳನ್ನೋ, ಇಟ್ಟಿಗೆಯನ್ನು ಕುಟ್ಟಿ ಪುಡಿಮಾಡಿದ ಸುರ್ಕಿಯನ್ನೋ ಸೇರಿಸಿ, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ನುಣ್ಣಗೆ ಅರೆದು, ಕೆಲವೆಡೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿ ಗಚ್ಚು ತಯಾರಿಸುತ್ತಿದ್ದರು. ಸುರ್ಕಿ ಬೆರೆತ ಗಾರೆಯನ್ನು ತುಂಗಭದ್ರಾ ಅಣೆಕಟ್ಟೆಯ ಕಲ್ಲುಕಟ್ಟಡದಲ್ಲಿಯೂ ಬಳಸಲಾಗಿದೆ. ಸಿಮೆಂಟಿನ ಗಾರೆ ಬೇಗ ಬಿಗಿಯುತ್ತದೆ, ಬಿಗಿದ ಮೇಲೆ ಬಾಗುವುದಿಲ್ಲ, ಒಡೆಯುತ್ತದೆ, ಎಷ್ಟೋ ವೇಳೆ ತನಗಿಂತ ಮೆದುವಾದ ಇಟ್ಟಿಗೆಯನ್ನೂ ಸೀಳಿಕೊಂಡು ಹೋಗುತ್ತದೆ. ಗಚ್ಚು ತಿಂಗಳುಗಟ್ಟಲೆ ಸಾವಕಾಶವಾಗಿ ಗಟ್ಟಿಯಾಗುತ್ತ ಸಣ್ಣ ಅಲುಗಾಟಗಳಿಗೆ ಸಂದಿನಲ್ಲಿಯೇ ಒಗ್ಗಿಕೊಳ್ಳುತ್ತದೆ, ಕೂದಲೆಳೆಯ ಬಿರುಕುಗಳು ಅದರಲ್ಲಿ ಕರಗಿ ಬಂದ ಸುಣ್ಣದಿಂದಲೇ ಮತ್ತೆ ಮುಚ್ಚಿಕೊಳ್ಳುವುದೂ ಉಂಟು. ಎರೆನೆಲದ ಕಮಾನಿಗೆ ಸಿಮೆಂಟಿಗಿಂತ ಸುಣ್ಣವೇ ಲೇಸೆಂಬ ಅಭಿಪ್ರಾಯ ಹಳೆಯದರ ಮೇಲಿನ ಮೋಹದಿಂದ ಹುಟ್ಟಿದ್ದಲ್ಲ. ಸಿಂಧನೂರಿನ ಗಿರಣಿಗಳಲ್ಲಿ ಗುಡ್ಡೆ ಬೀಳುವ ಭತ್ತದ ಹೊಟ್ಟನ್ನು ಹದವಾಗಿ ಸುಟ್ಟು ಪಡೆದ ಬೂದಿಯೂ ಸುಣ್ಣದೊಡನೆ ಸುರ್ಕಿಯಂತೆಯೇ ಕೂಡಿಕೊಳ್ಳಬಲ್ಲದು ಎಂಬುದನ್ನು ಇಲ್ಲಿ ನೆನೆಯಬಹುದು.

ಕಟ್ಟುವ ಕ್ರಮವನ್ನು ಅದೇ 4 ಅಡಿ ಹರವಿನ, 6 ಇಂಚು ಏರಿನ ಕಮಾನನ್ನೇ ಮುಂದಿಟ್ಟುಕೊಂಡು ನೋಡುವುದಾದರೆ, ಮೊದಲ ಕೆಲಸ ಎರಡೂ ಬುಡಗಳನ್ನು ಒಂದೇ ಮಟ್ಟಕ್ಕೆ ತರುವುದು. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಇದನ್ನು ಸರಿನೋಡಲಾಗುತ್ತದೆ. ಅನಂತರ ಬಾಗಿನ ಕೇಂದ್ರವನ್ನು ಹುಡುಕಬೇಕು. ಅರ್ಧ ಹರವಾದ 24 ಇಂಚನ್ನು ಅದರಿಂದಲೇ ಗುಣಿಸಿ, ಏರಾದ 6ನ್ನು 6ರಿಂದ ಗುಣಿಸಿ, ಬಂದ 576 ಮತ್ತು 36ನ್ನು ಕೂಡಿಸಿ, ಮೊತ್ತವಾದ 612ನ್ನು ಏರಿನ ಎರಡರಷ್ಟಾದ 12ರಿಂದ ಭಾಗಿಸಿದರೆ 51 ಇಂಚು ಬರುತ್ತದೆ. ನೆತ್ತಿಯಿಂದ ನೇರ ಕೆಳಗೆ 51 ಇಂಚು ದೂರದಲ್ಲಿ, ಕಿಟಕಿಯ ನಡುಗೆರೆಯ ಮೇಲೆ ಒಂದು ಮೊಳೆಯನ್ನು ನಿಲ್ಲಿಸಿ ಅದಕ್ಕೆ ದಾರ ಕಟ್ಟಿದರೆ ಆ ದಾರದ ತುದಿ ಎಳೆಯುವ ಗೆರೆಯೇ ಕಮಾನಿನ ಒಳಬಾಗು. ಕಮಾನು ತಾನಾಗಿ ನಿಲ್ಲುವವರೆಗೆ ಅದನ್ನು ಹೊರುವ ಆಧಾರಕ್ಕೆ ಗೌಂಡಿಗಳು ಸೆಂಟ್ರಿಂಗ್ ಎನ್ನುತ್ತಾರೆ. ಬಾಗಿಗೆ ಕತ್ತರಿಸಿದ ಎರಡು ಹಲಗೆಗಳ ಮೇಲೆ ಪಟ್ಟಿ ಬಡಿದು, ಬೆಣೆಗಳ ಮೇಲೆ ನಿಲ್ಲಿಸಿದ ಮರದ ಸೆಂಟ್ರಿಂಗ್ ಒಂದು ಬಗೆ. ತೆರಪಿನಲ್ಲಿ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಪೇರಿಸಿ, ಮೇಲೆ ಹಸಿಮಣ್ಣು ಮೆತ್ತಿ, ದಾರದ ಅಳತೆಗೆ ಬಾಗನ್ನು ತೀಡಿ, ಒಣಗಿದ ಮೇಲೆ ತೆಳ್ಳಗೆ ಮರಳು ಹರಡುವುದು ಇನ್ನೊಂದು ಬಗೆ, ಒಂದೆರಡು ಕಿಟಕಿಗಳ ಮನೆಗೆ ಇದೇ ಸಾಕು.

ಇಟ್ಟಿಗೆ ಆಯತಾಕಾರದ್ದು, ಕಮಾನಿಗೆ ಬೇಕಾದದ್ದು ಬೆಣೆಯಾಕಾರ. ಇಟ್ಟಿಗೆಯನ್ನು ಕೆತ್ತಿ ಬೆಣೆ ಮಾಡುವ ನಾಜೂಕು ಪದ್ಧತಿ ಇದೆಯಾದರೂ, ಸಾಮಾನ್ಯ ಮನೆಗಳಲ್ಲಿ ಇಟ್ಟಿಗೆಯನ್ನು ಹಾಗೆಯೇ ಇಟ್ಟು ಸಂದನ್ನು, ಅಂದರೆ ಎರಡು ಇಟ್ಟಿಗೆಗಳ ನಡುವಿನ ಗಾರೆಯ ಪದರನ್ನು, ಬೆಣೆಯಾಗಿಸುತ್ತಾರೆ: ಒಳಬಾಗಿನಲ್ಲಿ ಸಂದು ಕಿರಿದು, ಹೊರಬಾಗಿನಲ್ಲಿ ಅಗಲ. ಕಮಾನಿನ ಒಳಬಾಗಿನ ಉದ್ದ ಈ ಉದಾಹರಣೆಯಲ್ಲಿ ಸರಿಯಾಗಿ 50 ಇಂಚು ಬರುತ್ತದೆ. 3 ಇಂಚು ದಪ್ಪದ 15 ಇಟ್ಟಿಗೆಗಳನ್ನು ಅದರಲ್ಲಿ ಹಂಚಿದರೆ ಒಳಸಂದು ಇಂಚಿನ ಮೂರನೆಯ ಒಂದು ಪಾಲು. ಇಟ್ಟಿಗೆಯನ್ನು ನಾಲ್ಕೂವರೆ ಇಂಚು ಎತ್ತರಕ್ಕೆ ನಿಲ್ಲಿಸಿದರೆ ಹೊರಸಂದು ಅರ್ಧ ಇಂಚನ್ನು ತುಸು ಮೀರುತ್ತದೆ, ಪೂರ್ತಿ 9 ಇಂಚು ಎತ್ತರಕ್ಕೆ ನಿಲ್ಲಿಸಿದರೆ ಅದು ಒಂದಿಂಚಿನ ಸಮೀಪಕ್ಕೆ ಹೋಗುತ್ತದೆ. ಅರ್ಧವೃತ್ತದ ಕಮಾನಿನಲ್ಲಾದರೆ 9 ಇಂಚು ಎತ್ತರದ ಒಂದೇ ಬಳೆ, ಅಂದರೆ ಇಟ್ಟಿಗೆಯ ಒಂದೇ ಬಾಗುಸಾಲು, ಕಟ್ಟಿದಾಗ ಹೊರಸಂದು ಒಂದೂವರೆ ಇಂಚನ್ನೂ ದಾಟುತ್ತದೆ, ಅಲ್ಲಿ ಭಾರ ಹೊರುವುದು ಇಟ್ಟಿಗೆಯಲ್ಲ, ಗಾರೆಯ ಮುದ್ದೆ. ಹಳೆಯ ಅಗಸಿ ಬಾಗಿಲುಗಳಂಥ ದೊಡ್ಡ ಕಮಾನುಗಳಲ್ಲಿ ನಾಲ್ಕೂವರೆ ಇಂಚಿನ ಬಳೆಗಳು ಒಂದರ ಮೇಲೊಂದು ಎರಡು ಮೂರು ಇರುವುದನ್ನು ಅಲಂಕಾರವೆಂದು ತಿಳಿಯುವವರುಂಟು. ಸಂದನ್ನು ಕಿರಿದಾಗಿಡುವ ಲೆಕ್ಕಾಚಾರ ಅದರ ಹಿಂದಿದೆ.

ಇಟ್ಟಿಗೆಗಳ ಎಣಿಕೆ ಬೆಸವಾಗಿದ್ದರೆ ನೆತ್ತಿಯ ನಡುವಿಗೆ ಒಂದು ಇಟ್ಟಿಗೆ ಬರುತ್ತದೆ, ಇದೇ ಕೀಲಿ ಇಟ್ಟಿಗೆ; ಎಣಿಕೆ ಸರಿಸಂಖ್ಯೆಯಾದರೆ ಕಮಾನಿನ ಅತ್ಯಂತ ಸೂಕ್ಷ್ಮ ಜಾಗದಲ್ಲಿ ಗಾರೆ ಕೂರುತ್ತದೆ. ಆದ್ದರಿಂದ ಬಲ್ಲ ಗೌಂಡಿ ಗಾರೆ ಕಲಸುವ ಮುನ್ನ 15 ಇಟ್ಟಿಗೆಗಳನ್ನೂ ಸೆಂಟ್ರಿಂಗಿನ ಮೇಲೆ ಒಣದಾಗಿ ಜೋಡಿಸಿ, ಸಂದುಗಳ ಗುರುತನ್ನು ಹಲಗೆಯ ಮೇಲೆ ಗೀರಿಕೊಳ್ಳುತ್ತಾನೆ. ಇಟ್ಟಿಗೆಗಳು ಗಾರೆಯ ನೀರನ್ನು ಹೀರದಂತೆ ಅವನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ನೆನೆಸಿ, ಮೇಲಿನ ತೇವ ಆರಿದ ಮೇಲೆ ಎರಡೂ ಬುಡಗಳಿಂದ ಸರಿಸಮವಾಗಿ, ಈಚೆಗೊಂದು ಆಚೆಗೊಂದು ಎಂಬಂತೆ ಏರಿಸುತ್ತ, ಪ್ರತಿ ಇಟ್ಟಿಗೆಯ ಓರೆ ಕೇಂದ್ರದ ಮೊಳೆಯತ್ತ ನೇರವಾಗಿದೆಯೇ ಎಂದು ದಾರವನ್ನು ಎಳೆದು ನೋಡುತ್ತಾನೆ. ಕೊನೆಯಲ್ಲಿ ಎರಡೂ ಮೈಗೆ ಗಾರೆ ಮೆತ್ತಿದ ಕೀಲಿ ಇಟ್ಟಿಗೆಯನ್ನು ಅಂಗೈಯಿಂದ ಒತ್ತಿ ಕೂರಿಸಬೇಕು. ಸುತ್ತಿಗೆಯ ಪೆಟ್ಟಿನಿಂದ ಅದನ್ನು ಬಡಿದಿಳಿಸಿದರೆ ಪಕ್ಕದ ಹಸಿ ಸಂದುಗಳು ಬಿಟ್ಟುಕೊಳ್ಳುತ್ತವೆ. ಗಾರೆ ಪೂರ್ತಿ ಬಿಗಿಯುವ ಮೊದಲೇ ಬೆಣೆಗಳನ್ನು ಸ್ವಲ್ಪ ಸಡಿಲಿಸಿದರೆ ಕಮಾನು ಒಂದು ಕೂದಲೆಳೆಯಷ್ಟು ಇಳಿದು, ಎಲ್ಲ ಸಂದುಗಳೂ ಸಮನಾಗಿ ಬಿಗಿದುಕೊಳ್ಳುತ್ತವೆ; ಸೆಂಟ್ರಿಂಗನ್ನು ಪೂರ್ತಿ ತೆಗೆಯುವುದು ಅನಂತರದ ಮಾತು.

ಕಮಾನು ಮುಗಿದ ಮೇಲೆ ಮೇಲಿನ ಗೋಡೆಯನ್ನು ಎಬ್ಬಿಸುವಾಗ ನಡೆಯುವ ತಪ್ಪು ಹೆಚ್ಚು ಅಪಾಯಕರ. ಬುಡಕ್ಕೂ ನೆತ್ತಿಗೂ ನಡುವಿನ ಭಾಗಕ್ಕೆ ಹೆಗಲು ಎನ್ನುವುದಾದರೆ, ಒಂದು ಹೆಗಲಿನ ಮೇಲೆ ಗೋಡೆ ಏರಿ ಇನ್ನೊಂದು ಹೆಗಲು ಬರಿದಾಗಿದ್ದಾಗ ಕಮಾನು ಬರಿದಾದ ಪಕ್ಕಕ್ಕೆ ಉಬ್ಬುತ್ತದೆ. ನಾಲ್ಕು ಸಂದುಗಳು ಬಾಗಿಲಿನ ಕೀಲಿನಂತೆ ತೆರೆದುಕೊಂಡರೆ ಅದು ಉರುಳುವುದನ್ನು ಯಾವುದೂ ತಡೆಯಲಾರದು. ಎರಡೂ ಹೆಗಲುಗಳನ್ನು ಒಟ್ಟಿಗೆ ತುಂಬಿಕೊಂಡು ಹೋಗುವುದೊಂದೇ ಇದಕ್ಕೆ ಪರಿಹಾರ. ಮೂಲೆಯ ಹತ್ತಿರದ ಕಿಟಕಿ ಇನ್ನೊಂದು ತೊಡಕು. ಸಾಲು ಕಿಟಕಿಗಳಲ್ಲಿ ಒಂದು ಕಮಾನಿನ ನೂಕನ್ನು ಪಕ್ಕದ ಕಮಾನಿನ ನೂಕು ಎದುರಿಸುವುದರಿಂದ ನಡುವಿನ ಕಂಬಗೋಡೆ ತೆಳ್ಳಗಿದ್ದರೂ ನಡೆಯುತ್ತದೆ, ಕೊನೆಯ ಕಮಾನಿನ ಆಚೆ ಮಾತ್ರ ಎದುರಾಳಿಯಿಲ್ಲ. ಅಲ್ಲಿ ಗೋಡೆ ಎರಡಡಿಯೂ ಉಳಿಯದಿದ್ದರೆ ಕಮಾನಿನ ಆಸೆ ಬಿಟ್ಟು ಲಿಂಟಲ್ ಹಾಕುವುದು, ಇಲ್ಲವೇ ಬಿಲ್ಲಿಗೆ ಹೆದೆ ಕಟ್ಟಿದಂತೆ ಎರಡು ಬುಡಗಳನ್ನು ಕಬ್ಬಿಣದ ಸರಳಿನಿಂದ ಬಿಗಿಯುವುದು ಕ್ಷೇಮ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ಉತ್ತರ ಕರ್ನಾಟಕದಲ್ಲಿಯೂ ಅನುಭವಕ್ಕೆ ಬಂದಿತ್ತಾದ್ದರಿಂದ, ಮನೆಯ ಸುತ್ತ ಎಲ್ಲ ಗೋಡೆಗಳನ್ನು ಒಂದಾಗಿ ಕಟ್ಟಿಹಾಕುವ ಕಾಂಕ್ರೀಟಿನ ಪಟ್ಟಿಯನ್ನು ಕಮಾನಿನ ಮೇಲ್ಮಟ್ಟದಲ್ಲಿ ಹಾಯಿಸುವುದೂ ಅನಗತ್ಯ ಖರ್ಚಲ್ಲ.

ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ಎರಡಡಿಗೂ ಮಿಕ್ಕಿ ದಪ್ಪವಿರುತ್ತಿತ್ತು. ಆ ದಪ್ಪದಲ್ಲಿ ದೀಪದ ಗೂಡಿಗೂ ಕಮಾನು ಬಿಡುವಷ್ಟು ಧಾರಾಳವಿತ್ತು. ಈಗಿನ 9 ಇಂಚಿನ, ಕೆಲವೆಡೆ 6 ಇಂಚಿನ ಗೋಡೆಗೆ ನೂಕನ್ನು ತಡೆಯುವ ಮೈಯಿಲ್ಲ. ಅದಕ್ಕಾಗಿಯೇ ಇರಬೇಕು, ಹೊಸ ಮನೆಗಳಲ್ಲಿ ಲಿಂಟಲ್ ಹಾಕಿ ಅದರ ಕೆಳಗೆ ಸಿಮೆಂಟಿನಲ್ಲಿ ಬಾಗನ್ನು ತಿದ್ದಿ ಬಣ್ಣ ಬಳಿಯುವ ರೂಢಿ ಹಬ್ಬಿದೆ. ಲೋಮಸ್ ಋಷಿ ಗುಹೆಯ ಬಾಗಿಲಿನಂತೆ ಇದೂ ಆಕಾರವೇ ಹೊರತು ಕೆಲಸವಲ್ಲ. ಊರ ಮುಂದೆ ಎರಡು ಕಂಬಗಳ ಮೇಲೆ ನೇರವಾದ ತೊಲೆ ಹಾಯಿಸಿದ್ದನ್ನೂ ಸ್ವಾಗತ ಕಮಾನು ಎಂದು ಕರೆಯುವ ಕಾಲದಲ್ಲಿ ಇದಕ್ಕೆ ಆಕ್ಷೇಪಣೆ ಎತ್ತುವುದು ಬಹುಶಃ ವ್ಯರ್ಥ. ಆದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಮತ್ತು ಕೇರಳದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ತೋರಿಸಿಕೊಟ್ಟಂತೆ, ಗಟ್ಟಿ ನೆಲವೂ ತಕ್ಕ ಗೋಡೆಯೂ ಇರುವಲ್ಲಿ ನಿಜವಾದ ಕಮಾನಿನಿಂದಾಗುವ ಸಿಮೆಂಟು ಕಬ್ಬಿಣಗಳ ಉಳಿತಾಯ ಸುಳ್ಳಲ್ಲ: 4 ಅಡಿ ಕಿಟಕಿಯ ಒಂದು ಲಿಂಟಲಿಗೆ ಸುಮಾರು 50 ಲೀಟರು ಕಾಂಕ್ರೀಟೂ ನಾಲ್ಕೈದು ಕಿಲೋ ಕಬ್ಬಿಣವೂ ಬೇಕಾದರೆ, ಅದೇ ತೆರಪಿನ ಮೇಲಿನ ಒಂದು ಬಳೆಗೆ ಗೋಡೆಯ ಮುಖದಲ್ಲಿ ಕಾಣುವುದು 15 ಇಟ್ಟಿಗೆ.

ಕಟ್ಟಿದ ಕಮಾನು ಎರೆನೆಲದಲ್ಲಿ ನೆಲೆಗೊಂಡಿದೆಯೇ ಇಲ್ಲವೇ ಎಂಬುದನ್ನು ಅರಿಯಲು ದುಬಾರಿ ಉಪಕರಣ ಬೇಕಾಗಿಲ್ಲ. ನೆತ್ತಿಯಲ್ಲಿಯೋ ಹೆಗಲಿನಲ್ಲಿಯೋ ಬಿರುಕಿನ ಗೆರೆ ಕಂಡರೆ ಅದರ ಮೇಲೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನಿಟ್ಟು, ಎರಡು ತುದಿಗಳನ್ನೂ ಸಿಮೆಂಟಿನಿಂದ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಡುತ್ತಾರೆ. ಗಾಜು ಹಿಗ್ಗದು, ಬಿರುಕು ಎಳೆಯಷ್ಟು ಅಗಲಿಸಿದರೂ ಅದು ಚಟ್ಟನೆ ಒಡೆಯುತ್ತದೆ. ಒಂದು ಮಳೆಗಾಲ, ಕಾಲುವೆಯ ನೀರು ನಿಂತ ಮೇಲಿನ ಒಂದು ಬೇಸಿಗೆ, ಇವೆರಡೂ ಕಳೆಯುವವರೆಗೆ ಆ ಗಾಜು ಇಡಿಯಾಗಿ ಉಳಿದರೆ ಬಿರುಕಿಗೆ ಗಚ್ಚು ತುಂಬಿ ಸುಣ್ಣ ಬಳಿಯಬಹುದು. ಅಲ್ಲಿಯವರೆಗೆ ಆ ಜಾಗಕ್ಕೆ ಗಿಲಾವು ಮಾಡುವಂತಿಲ್ಲ.